ನಡೆದಾಡುವ ಸಿಗ್ನಲ್

ಹಾಸಿಗೆ ಬಿತ್ತು.

ಒಂದಲ್ಲ. ಇಡೀ ಸಾಲು!

ಮೊದಲನೆಯದು ಬೆನ್ನಿಗೆ ಬಡಿಯಿತು. ಎರಡನೆಯದು ತಲೆಗೆ. ಆಮೇಲೆ ಬಿದ್ದವನ್ನು ಎಣಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕಣ್ಣಿಗೆ ಕತ್ತಲೆ. ಬಾಯೊಳಗೆ ಪ್ಲಾಸ್ಟಿಕ್ ಕವರಿನ ಮೂಲೆ. ಎದೆಯ ಮೇಲೆ ಯಾರೋ ಆನೆಮರಿಯನ್ನು ತಂದು ಮಲಗಿಸಿದಷ್ಟು ಭಾರ...

ಒದ್ದಾಡಿದೆ. ಆನೆಮರಿ ಇನ್ನಷ್ಟು ಆರಾಮಾಗಿ ಮಲಗಿತು.

ನೀವು ನಗುತ್ತಿದ್ದೀರಿ. ನಗಿ. ಹಾಸಿಗೆಯ ಮೇಲೆ ಸಾಯುವವರು ಬೇಕಾದಷ್ಟು ಜನ. ಹಾಸಿಗೆಯ ಕೆಳಗೆ ಸತ್ತವರು ನನಗಂತೂ ಯಾರೂ ಗೊತ್ತಿಲ್ಲ.

ಬಲಗೈ ಮಾತ್ರ ಆಡುತ್ತಿತ್ತು. ಆ ಕೈಯಲ್ಲಿ ನನ್ನ ಫೋನು. ಪರದೆಯ ಮೇಲೊಂದು ಹಸಿರು ಗೀಟು. ಇಡೀ ಕಾರ್ಖಾನೆ ಸುತ್ತಿ ನಾನು ಬೆನ್ನಟ್ಟಿ ಬಂದಿದ್ದ ಕಳ್ಳ ಸಿಗ್ನಲ್...

ತುಂಬಿ ತುಳುಕುತ್ತಿತ್ತು!

ಅಂದರೆ ಆಸಾಮಿ ದೂರ ಹೋಗಿಲ್ಲ. ಇಲ್ಲೇ ಇದ್ದಾನೆ. ನನ್ನ ನೆತ್ತಿಯ ಮೇಲೆ.

ಉಸಿರು ಬಿಗಿಹಿಡಿದು ಕಿವಿಗೊಟ್ಟೆ.

ಕರುಂ... ಕುರುಂ...

ಯಾರೋ ಏನೋ ತಿನ್ನುತ್ತಿದ್ದರು!

ತಡೆಯಿರಿ. ಹಾಸಿಗೆಯ ಕೆಳಗೆ ನಾನು ಹೇಗೆ ಹೋದೆ ಎಂಬುದನ್ನು ಮೊದಲು ಹೇಳಬೇಕು. ಪ್ರಿಂಟರ್ ಸರಿ ಮಾಡಿ ಎಂದು ನೀವು ಕರೆದಿರಿ. ನಾನು ಬಂದವಳು ಪ್ರಿಂಟರಿನ ಕಡೆ ಕಣ್ಣೂ ಹಾಯಿಸದೆ, ಎಲ್ಲರೂ ಜೇಬಿನಲ್ಲಿರುವುದನ್ನು ತೆಗೆದು ಮೇಜಿನ ಮೇಲಿಡಿ ಎಂದೆ. ನಿಮಗೆ ಕೋಪ ಬಂತು. ಮುಖ ಹೇಳುತ್ತದೆ. ಅದಕ್ಕೇ ಈ ಕತೆ. ಕುಳಿತುಕೊಳ್ಳಿ.

ನನ್ನ ಕಸುಬು ನಿಮಗೆ ಗೊತ್ತು. ಮಾತು ಬಿಟ್ಟ ಯಂತ್ರಗಳನ್ನು ಮತ್ತೆ ಮಾತಾಡಿಸುವುದು. ಕಂಪ್ಯೂಟರ್ ಕರೆಯುತ್ತದೆ, ಪ್ರಿಂಟರ್ ಓಗೊಡುವುದಿಲ್ಲ. ಎಳೆದು ನೋಡೋಣವೆಂದರೆ ನಡುವೆ ತಂತಿಯೂ ಇಲ್ಲ. ಆಗ ಜನಕ್ಕೆ ನನ್ನ ನೆನಪಾಗುತ್ತದೆ. ಹೆಚ್ಚಿನ ಸಲ ತಪ್ಪು ಯಂತ್ರದ್ದಲ್ಲ. ಆದರೆ ಹಾಗೆಂದು ಬಾಯಿಬಿಟ್ಟರೆ ಎರಡನೇ ಸಲ ಯಾರೂ ಕರೆಯುವುದಿಲ್ಲ!

ಅವತ್ತು ಊಟ ಮುಗಿಸಿ ಕೈ ತೊಳೆಯುತ್ತಿದ್ದೆ. ಫೋನ್ ಬಂತು. ಹೆಣ್ಣು ದನಿ. ಪಿಸುಮಾತು.

“ಪ್ರಿಂಟರ್ ಮೇಡಮ್ಮಾ?”

“ಹೌದು. ಸ್ವಲ್ಪ ಜೋರಾಗಿ ಮಾತಾಡಿ.”

“ಆಗಲ್ಲ. ಅವರು ಬಾಗಿಲಲ್ಲೇ ನಿಂತಿದ್ದಾರೆ.”

“ಯಾರು?”

“ಹೈಕೋರ್ಟು.”

ಟವೆಲ್ ಕೆಳಗಿಟ್ಟೆ. ಇದು ಬರೀ ಪ್ರಿಂಟರಿನ ಕೇಸಲ್ಲ!

“ಮೇಡಂ, ನಮ್ಮದು ಹಾಸಿಗೆ ಕಾರ್ಖಾನೆ. ಇವತ್ತು ಹೊಸ ಆಸ್ಪತ್ರೆಗೆ ಲಾರಿ ತುಂಬ ಹಾಸಿಗೆ ಹೋಗಬೇಕು. ಒಂದೊಂದಕ್ಕೂ ಲೇಬಲ್ ಅಂಟಿಸಬೇಕು. ಪ್ರಿಂಟರ್ ನೆಟ್‌ವರ್ಕಿಗೆ ಸಿಗ್ತಾನೇ ಇಲ್ಲ. ಇವತ್ತೂ ಲಾರಿ ನಿಂತ್ರೆ ನನ್ನ ಕುರ್ಚಿ ಹೋಯ್ತು.”

“ಪ್ರಿಂಟರ್ ಕೆಟ್ಟರೆ ನಿಮ್ಮ ಕುರ್ಚಿ ಯಾಕ್ರೀ ಹೋಗುತ್ತೆ?”

ಆ ಕಡೆ ಪಿಸುಮಾತು ಇನ್ನಷ್ಟು ಇಳಿಯಿತು.

“ನಾನು ಈ ಮನೆಗೆ ಹೊಸದಾಗಿ ಬಂದ ಸೊಸೆ ಮೇಡಂ. ನನ್ನ ಕಾಲ್ಗುಣ ಸರಿ ಇಲ್ವಂತೆ.”

ಬ್ಯಾಗ್ ಹೆಗಲಿಗೇರಿಸಿದೆ.

ಕಾರ್ಖಾನೆ ಉದ್ದನೆಯ ಶೆಡ್ಡು. ಒಂದು ತುದಿಯಲ್ಲಿ ಸ್ಪಂಜು ಕತ್ತರಿಸುತ್ತಾರೆ, ನಡುವೆ ಹೊಲಿಯುತ್ತಾರೆ, ಇನ್ನೊಂದು ತುದಿಯಲ್ಲಿ ಗೋದಾಮು. ಗೋದಾಮಿಗೆ ಅಂಟಿಕೊಂಡಂತೆ ಡಿಸ್ಪ್ಯಾಚ್ ಕೋಣೆ. ಗೇಟಿನಲ್ಲಿ ಲಾರಿ ನಿಂತಿತ್ತು. ಡ್ರೈವರ್ ಬಾನೆಟ್ಟಿಗೆ ಒರಗಿ ಹಲ್ಲುಕಡ್ಡಿ ಜಗಿಯುತ್ತಿದ್ದ.

“ನೀವೇನಾ ಪ್ರಿಂಟರ್ ಡಾಕ್ಟರು?”

“ಯಾಕೆ?”

“ಲೇಬಲ್ ಇಲ್ಲದ ಮಾಲು ನಾನು ಹತ್ತಿಸಲ್ಲ. ನಾಲ್ಕು ಹಾರ್ನ್ ಹೊಡೀತೀನಿ. ನಾಲ್ಕನೇದಕ್ಕೆ ಗಾಡಿ ಹೊರಟಿರುತ್ತೆ. ಮೊದಲನೇದು ಆಗ್ಲೇ ಹೊಡೆದಾಯ್ತು.”

“ನಾನು ಕೇಳಿಸಿಕೊಳ್ಳಲಿಲ್ಲ.”

ಅವನು ಕಿಟಕಿಯೊಳಗೆ ಕೈ ಹಾಕಿದ.

ಪೋಂಂಂ!

“ಈಗ ಕೇಳಿಸ್ತಲ್ಲ? ಎರಡಾಯ್ತು!”

ಇಂಥವರ ಹತ್ತಿರ ವಾದ ಮಾಡಬಾರದು.

ಡಿಸ್ಪ್ಯಾಚ್ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಒಬ್ಬ ಹೆಂಗಸು ನಿಂತಿದ್ದರು. ಬೆಳ್ಳಗಾದ ಕೂದಲು, ಬಿಗಿಯಾದ ಗಂಟು, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಯಜಮಾನರ ಅಕ್ಕ. ಯಜಮಾನರ ಹೆಂಡತಿ ತೀರಿಕೊಂಡ ಮೇಲೆ ಮನೆ, ಕಾರ್ಖಾನೆ ಎರಡನ್ನೂ ನಿಭಾಯಿಸಿದ್ದು ಈಕೆಯೇ. ಇವರು ಒಂದು ಮಾತು ಹೇಳಿದರೆ ಅಲ್ಲಿಂದ ಮುಂದೆ ಅಪೀಲಿಲ್ಲ. ಹೈಕೋರ್ಟು ಎಂಬ ಹೆಸರು ಇಟ್ಟವರು ಯಾರೋ ಗೊತ್ತಿಲ್ಲ. ಅಳತೆ ತೆಗೆದು ಹೊಲಿಸಿದ ಹಾಗಿತ್ತು.

“ಏನಮ್ಮಾ ಹುಡುಗಿ, ಎಷ್ಟು ಹೊತ್ತು ಬೇಕು ನಿಂಗೆ?”

“ನೋಡದೆ ಹೇಳಕ್ಕಾಗಲ್ಲ.”

“ನೋಡೋಕೇನಿದೆ? ನಾನು ಆ ಕುರ್ಚೀಲಿ ಕೂತ್ರೆ ಪ್ರಿಂಟರ್ ಓಡುತ್ತೆ. ಇವಳು ಕೂತ್ರೆ ನಿಲ್ಲುತ್ತೆ. ಇವಳು ಬರೋಕೆ ಮುಂಚೆ ಒಂದು ದಿನಾನೂ ನಿಂತಿರಲಿಲ್ಲ. ಇಷ್ಟಾದ್ಮೇಲೂ ಬೇರೆ ಸಾಕ್ಷಿ ಬೇಕಾ?”

“ಮೆಷಿನ್‌ಗೆ ಯಾರು ಕೂತಿದ್ದಾರೆ ಅಂತ ಹೇಗೆ ಗೊತ್ತಾಗುತ್ತೆ ಅಮ್ಮಾ?”

“ಅದನ್ನ ಹೇಳೋಕೇ ತಾನೇ ನಿನ್ನ ಕರೆಸಿದ್ದು!” ಅವರು ಬೀಗದ ಕೈಗಳನ್ನು ಝಲ್ಲೆನಿಸಿದರು. “ಲಾರಿ ಹೋಗೋದ್ರೊಳಗೆ ಸರಿಯಾದ್ರೆ ಸರಿ. ಇಲ್ಲಾಂದ್ರೆ ಇವಳು ಮಹಡಿ ಮೇಲಿನ ಮನೆಗೆ, ಈ ಮೇಜಿನ ಬೀಗ ನನ್ನ ಸೊಂಟಕ್ಕೆ. ನೀನು ಗೇಟಿಂದಾಚೆಗೆ. ಇನ್ನೊಂದು ಸಲ ಈ ಕಡೆ ತಲೆ ಹಾಕಿದ್ರೆ...”

ಮಾತು ಮುಗಿಸಲಿಲ್ಲ. ಮುಗಿಸುವ ಅಗತ್ಯವೂ ಇರಲಿಲ್ಲ.

ಒಳಗೆ ಸೊಸೆ. ಇಪ್ಪತ್ತೈದರ ಆಸುಪಾಸು. ಕೂದಲಿಗೆ ಪೆನ್ನು ಸಿಕ್ಕಿಸಿಕೊಂಡು, ಅಂಟಿಸುವವರು ಕೈ ಹಾಕಿದರೆ ಸಿಗುವಂತೆ ಆರ್ಡರಿನ ಚೀಟಿಗಳನ್ನು ಅಳತೆಗೆ ತಕ್ಕಂತೆ ಜೋಡಿಸಿಟ್ಟಿದ್ದಳು. ಮದುವೆಗೆ ಮುಂಚೆ ಕೊರಿಯರ್ ಕಂಪನಿಯಲ್ಲಿ ಇದೇ ಕೆಲಸ ಮಾಡಿದವಳಂತೆ. ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು, ಯಾರಾದರೂ ಈಗಲೇ ಏಳು ಎನ್ನುತ್ತಾರೇನೋ ಎಂಬ ಹಾಗೆ.

“ಪ್ರಿಂಟ್ ಕೊಡಿ,” ಎಂದೆ.

ಕೊಟ್ಟಳು.

ಸರ್‌ರ್... ಲೇಬಲ್ ಬಂತು!

ಇನ್ನೊಂದು ಕೊಟ್ಟಳು. ಅದೂ ಬಂತು. ಡಾಕ್ಟರ ಬಾಗಿಲಿಗೆ ಬಂದೊಡನೆ ಹಲ್ಲುನೋವು ಮಾಯವಾಗುವ ಜಾತಿ. ಸೊಸೆ ಅಳುವ ಹಾಗಾದಳು.

“ಬೆಳಿಗ್ಗೆಯಿಂದ ಬಂದಿಲ್ಲ ಮೇಡಂ! ಆಣೆಗೂ ಬಂದಿಲ್ಲ!”

“ಅಳಬೇಡಿ. ಇವೆಲ್ಲ ಹೀಗೇ ಆಡ್ತವೆ. ಕೊಡ್ತಾ ಹೋಗಿ.”

ಹತ್ತಾರು ಲೇಬಲ್ ಬಂದಿರಬಹುದು. ಅಷ್ಟರಲ್ಲಿ ಹಿಂದಿನ ಬಾಗಿಲು ಮೆಲ್ಲಗೆ ತೆರೆಯಿತು. ದುಂಡನೆಯ, ನಗುಮುಖದ ಹಿರಿಯರೊಬ್ಬರು ಒಳಗೆ ಇಣುಕಿದರು. ಮೊದಲು ಅಕ್ಕ ಇದ್ದಾರೆಯೇ ಎಂದು ನೋಡಿದರು. ಅಕ್ಕ ಗೇಟಿನ ಕಡೆ ಹೋಗಿದ್ದರು. ಆಮೇಲೆ ಒಳಗೆ ಬಂದರು. ಯಜಮಾನರು. ಸೊಸೆಯ ಕುರ್ಚಿಯ ಹಿಂದೆ ಬಂದು ಕೈಕಟ್ಟಿ ನಿಂತರು.

“ಹೆದರ್ಬೇಡಮ್ಮ. ನಾನಿದ್ದೀನಿ.”

“ಮಾವ, ಈಗ ಸರಿ ಹೋಗಿದೆ.”

“ಹೋಗ್ಲೇಬೇಕು! ಒಂದು ಸಲ ಆಫ್ ಮಾಡಿ ಆನ್ ಮಾಡಿಬಿಡಮ್ಮ. ಇನ್ನೂ ಚೆನ್ನಾಗಿ ಓಡುತ್ತೆ.”

ನಾನು ಬೇಡ ಎನ್ನುವಷ್ಟರಲ್ಲಿ ಸೊಸೆ ಮಾವನ ಮಾತು ಮೀರಬಾರದೆಂದು ಗುಂಡಿ ಒತ್ತಿಯೇ ಬಿಟ್ಟಿದ್ದಳು. ಪ್ರಿಂಟರ್ ಆರಿತು. ಮತ್ತೆ ಹೊತ್ತಿಕೊಂಡಿತು. ನೀಲಿ ದೀಪ ಮಿಟುಕಿಸಿ ಮಿಟುಕಿಸಿ ನಿಂತಿತು.

ಪ್ರಿಂಟ್ ಕೊಟ್ಟಳು.

ಇಲ್ಲ.

ಮತ್ತೆ ಕೊಟ್ಟಳು.

‘ಪ್ರಿಂಟರ್ ಸಿಗುತ್ತಿಲ್ಲ’ ಎಂದಿತು ಕಂಪ್ಯೂಟರ್.

ಯಜಮಾನರು ನಿಟ್ಟುಸಿರಿಟ್ಟರು. “ಪಾಪ. ನಾನು ಹೋಗಿ ಡ್ರೈವರ್ನ ಹಿಡಿದು ನಿಲ್ಲಿಸ್ತೀನಿ,” ಎಂದು ಬಂದ ಬಾಗಿಲಲ್ಲೇ ಹೊರಟುಹೋದರು.

ನನಗೆ ರೇಗಿತು. ಆದರೆ ರೇಗಿದಾಗಲೇ ನನ್ನ ತಲೆ ಚೆನ್ನಾಗಿ ಓಡುತ್ತದೆ.

ನೀಲಿ ದೀಪ ನೋಡಿ! ಮಿಟುಕಿಸುತ್ತಿಲ್ಲ. ಸ್ಥಿರವಾಗಿ ಉರಿಯುತ್ತಿದೆ. ಅಂದರೆ ನೆಟ್‌ವರ್ಕ್ ಸಿಕ್ಕಿದೆ ಎಂದು ಪ್ರಿಂಟರ್ ಹೇಳುತ್ತಿದೆ. ಸಿಕ್ಕಿಲ್ಲ ಎಂದು ಕಂಪ್ಯೂಟರ್ ಹೇಳುತ್ತಿದೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿರಬೇಕು.

ಇಲ್ಲಾ... ಇಬ್ಬರೂ ನಿಜ ಹೇಳುತ್ತಿರಬೇಕು!

ಪ್ರಿಂಟರಿನ ಪುಟ್ಟ ಪರದೆಯ ಗುಂಡಿ ಒತ್ತುತ್ತ ಹೋದೆ. ನೆಟ್‌ವರ್ಕಿನ ಹೆಸರು, ಸರಿ. ಸಿಗ್ನಲ್, ಬಲವಾಗಿದೆ. ವಿಳಾಸ... ಕಂಪ್ಯೂಟರಿನ ವಿಳಾಸದ ಪಕ್ಕ ಇಟ್ಟು ನೋಡಿದೆ. ಒಂದೇ ಮನೆಯಲ್ಲಿರುವವರ ವಿಳಾಸದ ಮೊದಲ ಅಂಕಿಗಳು ಒಂದೇ ಇರಬೇಕು. ಇವು ಬೇರೆ ಬೇರೆ!

“ನಿಮ್ಮ ಆಫೀಸಲ್ಲಿ ಎಷ್ಟು ವೈಫೈ ಇದೆ?”

“ಒಂದೇ ಮೇಡಂ. ಅಗೋ ಆ ಗೋಡೆ ಮೇಲಿನ ರೂಟರ್ರು. ಕಂಪ್ಯೂಟರಿಗೆ ಅಲ್ಲಿಂದ ತಂತೀನೇ ಎಳೆದಿದ್ದಾರೆ.”

“ಎರಡಿದೆ.”

“ಇಲ್ಲ ಮೇಡಂ, ಒಂದೇ ಹೆಸರು ಕಾಣುತ್ತೆ ನೋಡಿ.”

“ಹೆಸರು ಒಂದೇ. ಆಸಾಮಿ ಇಬ್ಬರು.”

ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಪ್ರಿಂಟರ್ ಕುರುಡು. ಅದಕ್ಕೆ ಮುಖದ ಗುರುತಿಲ್ಲ. ಹೆಸರು ಸರಿ ಇರಬೇಕು, ಪಾಸ್‌ವರ್ಡ್ ಸರಿ ಇರಬೇಕು, ಅಷ್ಟೆ. ಎರಡು ಕಡೆಯಿಂದ ಒಂದೇ ಹೆಸರು ಕೇಳಿಸಿದರೆ, ಯಾರು ಹತ್ತಿರ ನಿಂತು ಗಟ್ಟಿಯಾಗಿ ಕರೆಯುತ್ತಾರೋ ಅವರ ಬೆನ್ನು ಹಿಡಿದು ಹೋಗಿಬಿಡುತ್ತದೆ. ಹೋದ ಮೇಲೆ ಇತ್ತ ಕಂಪ್ಯೂಟರ್ ಕೂಗಿ ಕೂಗಿ ಗಂಟಲು ಹರಿದುಕೊಂಡರೂ ಕೇಳಿಸುವುದಿಲ್ಲ.

ನನ್ನ ಫೋನಿನಲ್ಲಿ ಸಿಗ್ನಲ್ ಅಳೆಯುವ ಆ್ಯಪ್ ತೆರೆದೆ.

ಎರಡು ಗೀಟು ಬಂದವು. ಒಂದೇ ಹೆಸರು. ಮೊದಲನೆಯದು ಗೋಡೆಯ ರೂಟರು, ಕದಲದೆ ನಿಂತಿತ್ತು. ಎರಡನೆಯದು...

ಇಳಿಯುತ್ತಿತ್ತು. ಏರಿತು. ಮತ್ತೆ ಇಳಿಯಿತು.

ಫೋನನ್ನು ಕಣ್ಣಿನ ಹತ್ತಿರ ತಂದೆ.

“ಏನಾಯ್ತು ಮೇಡಂ?”

“ನಿಮ್ಮ ಎರಡನೇ ವೈಫೈ... ನಡೀತಾ ಇದೆ!”

ಓಡಿದೆ!

ಗೀಟನ್ನೇ ನೋಡುತ್ತ ಹೊಲಿಗೆಯ ಹಾಲಿಗೆ ನುಗ್ಗಿದೆ. ಮೆಷಿನ್ನುಗಳು ಗಡಗಡ ಎನ್ನುತ್ತಿದ್ದವು. ಬಲಕ್ಕೆ ತಿರುಗಿದರೆ ಗೀಟು ಕುಸಿಯಿತು. ಎಡಕ್ಕೆ ತಿರುಗಿದೆ. ಏರಿತು! ಬಟ್ಟೆಯ ಸುರುಳಿಗಳ ನಡುವೆ ತೂರಿದೆ. ದಾರದ ಡಬ್ಬಿ ಕಾಲಿಗೆ ಸಿಕ್ಕಿ ಉರುಳಿತು.

“ಯಾರ್ರೀ ಅದು! ಕಣ್ಣಿಲ್ವಾ!” ಎಂದಳೊಬ್ಬ ಹೊಲಿಗೆಯವಳು.

“ಕಣ್ಣು ಫೋನಲ್ಲಿದೆ!” ಎಂದೆ.

ಸ್ಪಂಜು ಕತ್ತರಿಸುವ ವಿಭಾಗ. ಗೀಟು ಮೇಲಕ್ಕೆ ಜಿಗಿಯಿತು! ಎದುರಿಗೇ ಒಬ್ಬ. ದಪ್ಪ ಮೀಸೆ. ಕೈಯಲ್ಲಿ ಒಂದು ಮೊಳದ ಚಾಕು. ಎಲ್ಲರೂ ಕಟಿಂಗ್ ಮಾಸ್ತರ ಎಂದು ಕರೆಯುವ ಮನುಷ್ಯ. ನನ್ನನ್ನು ದುರುಗುಟ್ಟಿ ನೋಡಿದ.

“ಫೋನ್ ತೆಗೀರಿ!” ಎಂದೆ.

“ಏನಂದ್ರಿ?”

“ಜೇಬಲ್ಲಿರೋ ಫೋನು! ಈಗಲೇ!”

ಅವನು ಚಾಕು ಕೆಳಗಿಡಲಿಲ್ಲ. ಇನ್ನೊಂದು ಕೈಯನ್ನು ನಿಧಾನವಾಗಿ ಜೇಬಿಗಿಳಿಸಿದ. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಕೈ ಹೊರಗೆ ಬಂತು...

ಗುಂಡಿ ಒತ್ತುವ ಹಳೇ ಫೋನು. ಬ್ಯಾಟರಿ ಬೀಳದಿರಲೆಂದು ರಬ್ಬರ್ ಬ್ಯಾಂಡ್ ಸುತ್ತಿತ್ತು.

“ಮಾತಾಡಬೇಕಿತ್ತಾ? ಮಾತಾಡಿ ಕೊಡಿ,” ಎಂದ ಮಾಸ್ತರ, ತುಂಬ ಮರ್ಯಾದೆಯಿಂದ. “ಕರೆನ್ಸಿ ಮಾತ್ರ ಕಮ್ಮಿ ಇದೆ.”

ಮುಖ ಎಲ್ಲಿಡಲಿ?

“ಈಗ ಈ ದಾರೀಲಿ ಯಾರಾದ್ರೂ ಹೋದ್ರಾ?”

ಅವನು ಚಾಕುವಿನಿಂದ ಪಕ್ಕದ ಬಾಗಿಲು ತೋರಿಸಿ, ಗೋದಾಮಿನ ಕಡೆ ಎಂದ. ಶೆಡ್ಡಿನ ಹೊರಗಿನಿಂದ ಸುತ್ತಿ ಆ ತುದಿಗೆ ಓಡಿದೆ. ಅರೆತೆರೆದ ಬಾಗಿಲ ಸಂದಿಯಲ್ಲಿ ಒಂದು ನೆರಳು ಸರಿಯಿತು. ಬೆನ್ನಟ್ಟಿದೆ. ನನ್ನ ಹೆಜ್ಜೆಯ ಸದ್ದು ಕೇಳಿ ನೆರಳು ತಿರುಗಿ ನೋಡಿತು. ಬೆದರಿತು. ಓಡಿತು!

ತಪ್ಪಿಲ್ಲದವರು ಯಾಕೆ ಓಡುತ್ತಾರೆ?

ಹೊರಗಿನಿಂದ ಬಂತು ಸದ್ದು. ಪೋಂಂಂ! ಮೂರನೇ ಹಾರ್ನ್!

ಗೋದಾಮಿನಲ್ಲಿ ಹಾಸಿಗೆಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿದ್ದರು, ಮನುಷ್ಯರಿಗಿಂತ ಎತ್ತರಕ್ಕೆ. ಆಚೆ ಬದಿಗೆ ಮಲಗಿಸಿ ಪೇರಿಸಿದ ಒಂದು ಗುಡ್ಡೆ. ನಡುವೆ ಇಕ್ಕಟ್ಟಾದ ಓಣಿ. ನಾನು ಓಣಿಯೊಳಗೆ ತೂರಿದೆ. ಗೀಟು ಏರುತ್ತ... ಏರುತ್ತ... ಮೇಲಿನಿಂದ ಯಾರೋ ಏದುಸಿರು ಬಿಡುತ್ತ ಗುಡ್ಡೆ ಹತ್ತುವ ಸದ್ದು. ಹತ್ತುವವನ ಕಾಲು, ನಿಲ್ಲಿಸಿದ್ದ ಹಾಸಿಗೆಗಳ ಸಾಲಿಗೆ ತಗುಲಿತು.

ಸಾಲು ಬಾಗಿತು.

ಆಮೇಲಿನದು ನಿಮಗೆ ಗೊತ್ತು. ಹಾಸಿಗೆ ಬಿತ್ತು.

ಕರುಂ... ಕುರುಂ...

ಮೊಣಕೈ ಊರಿ, ಹಾವಿನ ಹಾಗೆ ತೆವಳಿ, ಮೊದಲು ತಲೆ ಹೊರಗೆ ತಂದೆ. ಗುಡ್ಡೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದವರು ನನ್ನನ್ನು ಕಂಡು ಬೆಚ್ಚಿಬಿದ್ದರು.

ಯಜಮಾನರು!

ತೊಡೆಯ ಮೇಲೆ ಕ್ರೀಮ್ ಬಿಸ್ಕತ್ತಿನ ಪೊಟ್ಟಣ. ಮೀಸೆಯ ತುಂಬ ಪುಡಿ. ಎದೆಯ ಜೇಬಿನಲ್ಲಿ ಹೊಳೆಯುವ ದೊಡ್ಡ ಫೋನು.

“ಅಯ್ಯೋ, ನೀನಾ! ಅಕ್ಕ ಕಳಿಸಿದ ಗೂಢಚಾರಿಣಿ ಅಂದ್ಕೊಂಡೆ ಕಣಮ್ಮಾ!” ಅವರು ಎದೆ ಹಿಡಿದುಕೊಂಡರು. “ಸಕ್ಕರೆ ಕಾಯಿಲೆ ಅಂತ ಇದನ್ನ ಮುಟ್ಟೋಕೆ ಬಿಡಲ್ಲ ಅವಳು. ಡ್ರೈವರ್ ಹತ್ರ ಹೋಗೋಕೆ ಮುಂಚೆ ಒಂದೇ ಒಂದು ಅಂತ ಬಂದೆ. ದಮ್ಮಯ್ಯ, ಹೇಳ್ಬೇಡ!”

“ಬಿಸ್ಕತ್ತು ಆಮೇಲೆ. ಫೋನ್ ಕೊಡಿ.”

ಕೊಟ್ಟರು. ತೆರೆದು ನೋಡಿದೆ. ಹಾಟ್‌ಸ್ಪಾಟ್ ಆನ್. ಹೆಸರು, ಆಫೀಸಿನ ವೈಫೈ ಹೆಸರೇ. ಪಾಸ್‌ವರ್ಡೂ ಅದೇ. ಈ ಮನುಷ್ಯ ಜೇಬಿನಲ್ಲಿ ಇನ್ನೊಂದು ಆಫೀಸನ್ನೇ ಇಟ್ಟುಕೊಂಡು ಓಡಾಡುತ್ತಿದ್ದರು!

“ಇದನ್ನ ಯಾರು ಹಾಕಿಕೊಟ್ಟಿದ್ದು?”

“ನನ್ನ ಮಗ! ಬುದ್ಧಿವಂತ ಕಣಮ್ಮ.” ಮುಖ ಅರಳಿತು. “ಮದುವೆಗೆ ಸ್ವಲ್ಪ ಮುಂಚೆ ನಮ್ಮ ಇಂಟರ್‌ನೆಟ್ ಕೆಟ್ಟಿತ್ತು. ರೂಟರ್ ಆರಿಸಿ, ಇದರಲ್ಲಿ ಏನೋ ಮಾಡಿದ. ಮೊಬೈಲಿಂದಾನೇ ಇಡೀ ಆಫೀಸು ಓಡ್ತು! ‘ಅಪ್ಪಾ, ನಾನು ಹೇಳೋ ತನಕ ಇದನ್ನ ಆಫ್ ಮಾಡ್ಬೇಡಿ’ ಅಂದ. ನಾನು ಮುಟ್ಟಿಲ್ಲ. ಇವತ್ತಿನವರೆಗೂ ಮುಟ್ಟಿಲ್ಲ!”

“ಆಮೇಲೆ ಅವರು ಹೇಳಲೇ ಇಲ್ವಾ?”

“ಮದುವೆ ಗಡಿಬಿಡಿ ನೋಡು...”

“ಸೊಸೆ ಬರೋಕೆ ಮುಂಚೆ ಡಿಸ್ಪ್ಯಾಚ್ ಕೋಣೆಗೆ ಹೋಗ್ತಿದ್ರಾ ನೀವು?”

“ಅಲ್ಲಿ ಅಕ್ಕ ಕೂರ್ತಿದ್ಳಲ್ಲ! ಅವಳಿಗೆ ಮೂಗು ಚುರುಕು. ಬಿಸ್ಕತ್ತಿನ ವಾಸನೆ ಹಿಡಿದುಬಿಡ್ತಾಳೆ. ನಾನ್ಯಾಕೆ ಆ ಕಡೆ ಹೋಗ್ಲಿ?” ಆಮೇಲೆ ದನಿ ಇಳಿಸಿದರು. “ಈಗ ಮಗು ಕೂರುತ್ತೆ. ಹೊಸ ಮನೆ, ಹೊಸ ಜನ. ಹೆದರ್ಕೋಬಾರದು ಅಂತ ದಿನಾ ಹೋಗಿ ಪಕ್ಕದಲ್ಲಿ ನಿಂತ್ಕೋತೀನಿ. ಬೆಳಿಗ್ಗೆ ಪ್ರಿಂಟರ್ ಆನ್ ಮಾಡೋವಾಗಿಂದ.”

ಅವರೇ ಲೆಕ್ಕ ಹಾಕಿದರು. ಬಾಯಿಗೆ ಹೋಗುತ್ತಿದ್ದ ಬಿಸ್ಕತ್ತು ದಾರಿಯಲ್ಲೇ ನಿಂತಿತು.

“ನಾನು... ಪಕ್ಕದಲ್ಲಿ ನಿಂತ್ರೆ...?”

“ಪ್ರಿಂಟರ್ ನಿಮ್ಮ ಜೇಬಿಗೆ ಬರುತ್ತೆ. ನೀವು ತುಂಬ ದೂರ ಹೋದ್ರೆ ರೂಟರಿಗೆ ವಾಪಸ್ಸು ಹೋಗುತ್ತೆ, ನಾನು ಬಂದಾಗ ಓಡಿದ್ದು ಅದಕ್ಕೇ.”

“ಆಫ್ ಮಾಡಿ ಆನ್ ಮಾಡು ಅಂದಿದ್ದು...?”

“ಆನ್ ಆದಾಗಲೆಲ್ಲ ಅದು ಹತ್ತಿರ ಇರೋರನ್ನ ಹುಡುಕುತ್ತೆ. ಹತ್ತಿರ ಇದ್ದಿದ್ದು ನೀವು.”

ಬೆಲ್ಲ ಕದ್ದು ಸಿಕ್ಕಿಬಿದ್ದ ಮಗುವಿನ ಹಾಗೆ ನನ್ನತ್ತ ನೋಡಿದರು.

“ರೂಟರ್ ಕೆಟ್ಟಿತ್ತು ಅಂತ ಹೇಳಿಬಿಡಮ್ಮ. ಇಡೀ ಕಾರ್ಖಾನೆ ನನ್ನ ನೋಡಿ ನಗುತ್ತೆ.”

“ಹೇಳ್ತೀನಿ. ನನಗೇನು ಕಷ್ಟ? ಆದ್ರೆ ರೂಟರ್ ಯಾರ ಕಾಲ್ಗುಣದಿಂದ ಕೆಟ್ಟಿತು ಅಂತ ನಿಮ್ಮಕ್ಕ ಕೇಳ್ತಾರೆ. ಆಗ ಏನು ಹೇಳಲಿ?”

ಯಜಮಾನರು ಬಿಸ್ಕತ್ತನ್ನು ಪೊಟ್ಟಣಕ್ಕೆ ಹಾಕಿದರು. ಪೊಟ್ಟಣವನ್ನು ಹಾಸಿಗೆಗಳ ನಡುವೆ ತುರುಕಿದರು. ಗುಡ್ಡೆಯಿಂದ ಜಾರಿ ಇಳಿದರು.

“ನಡಿ.”

ಡಿಸ್ಪ್ಯಾಚ್ ಕೋಣೆಯಲ್ಲಿ ಹೈಕೋರ್ಟು ಕಲಾಪ ಶುರುವಾಗಿತ್ತು. ಸೊಸೆ ಕುರ್ಚಿ ಬಿಟ್ಟು ಎದ್ದು ನಿಂತಿದ್ದಳು. ಮೇಜಿನ ಬೀಗದ ಕೈ ಅವಳ ಅಂಗೈಯಲ್ಲಿತ್ತು. ಹೈಕೋರ್ಟು ಕೈ ಚಾಚಿದ್ದರು. ಬಾಗಿಲಲ್ಲಿ ಡ್ರೈವರ್, ಅವನ ಹಿಂದೆ ಮಾಸ್ತರ, ಹೊಲಿಗೆಯವರು... ಎಲ್ಲರೂ ಕತ್ತು ಉದ್ದ ಮಾಡಿ ನಿಂತಿದ್ದರು.

“ಅಕ್ಕಾ, ನಿಲ್ಲು!” ಎಂದರು ಯಜಮಾನರು.

“ಏನೋ?”

“ಪ್ರಿಂಟರ್ ಕೆಡ್ತಿರೋದು ಇವಳ ಕಾಲ್ಗುಣದಿಂದ ಅಲ್ಲ. ನನ್ನ ಕಾಲ್ಗುಣದಿಂದ.”

“ತಲೆ ಕೆಟ್ಟಿದೆಯೇನೋ?”

“ತೋರಿಸ್ತೀನಿ ಇರು.”

ಫೋನನ್ನು ಆರತಿ ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು ಅವರು ಹೊರಟರು. ಜನ ದಾರಿ ಬಿಟ್ಟರು. ಹೊಲಿಗೆಯ ಹಾಲು ದಾಟಿ, ಕತ್ತರಿಸುವ ವಿಭಾಗ ದಾಟಿ, ಶೆಡ್ಡಿನ ಆ ತುದಿಯಿಂದ ಕೂಗಿದರು.

“ಈಗ ಕೊಡಮ್ಮಾ!”

ನಾನು ಪ್ರಿಂಟರ್ ಆರಿಸಿ ಹೊತ್ತಿಸಿದೆ. ಸೊಸೆ ಪ್ರಿಂಟ್ ಕೊಟ್ಟಳು.

ಸರ್‌ರ್...

ಯಾರೋ ಚಪ್ಪಾಳೆ ತಟ್ಟಿದರು. ಹೈಕೋರ್ಟು ತಿರುಗಿ ನೋಡಿದರು. ಚಪ್ಪಾಳೆ ಸತ್ತಿತು.

“ಒಂದು ಸಲ ಬಂದ್ರೆ ಆಯ್ತಾ? ಬರ್ಲಿ ಅವನು ವಾಪಸ್ಸು!”

ಯಜಮಾನರು ವಾಪಸ್ಸು ಬಂದರು. ಪ್ರಿಂಟರಿನ ಪಕ್ಕ ನಿಂತರು. ಆರಿಸಿ ಹೊತ್ತಿಸಿದೆ. ಪ್ರಿಂಟ್ ಕೊಟ್ಟಳು.

ಇಲ್ಲ.

“ಹೋಗೋ!” ಎಂದರು ಹೈಕೋರ್ಟು.

ಹೋದರು. ಬಂತು.

“ಬಾರೋ!”

ಬಂದರು. ನಿಂತಿತು.

ಮೂರು ಸಲ ಓಡಾಡಿಸಿದರು ಆ ಹೆಂಗಸು! ಮೂರನೇ ಸಲಕ್ಕೆ ಯಜಮಾನರು ಮೇಜು ಹಿಡಿದು ಏದುಸಿರು ಬಿಡುತ್ತಿದ್ದರು. ಹೊಲಿಗೆಯವರು ಸೆರಗಿನೊಳಗೆ ನಗುತ್ತಿದ್ದರು. ಹೈಕೋರ್ಟಿನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ಹಾಗಾದ್ರೆ ಅದನ್ನ ಆರಿಸು. ಲಾರಿ ಕಾಯ್ತಿದೆ.”

ಎಲ್ಲ ಮುಗಿಯಿತೆಂದು ಬ್ಯಾಗಿನ ಜಿಪ್ ಎಳೆದೆ. ಮುಗಿದಿರಲಿಲ್ಲ.

ಯಜಮಾನರು ಫೋನನ್ನು ಎದೆಗವಚಿಕೊಂಡರು.

“ಆಗಲ್ಲ.”

“ಏನು?”

“ಮಗ ಹೇಳೋ ತನಕ ಮುಟ್ಟಲ್ಲ ಅಂದಿದ್ದೀನಿ. ಬೇಕಾದ್ರೆ ನಾನು ಗೇಟಾಚೆ ಹೋಗಿ ನಿಂತ್ಕೋತೀನಿ. ಮಾತು ಅಂದ್ರೆ ಮಾತು.”

ನಾನು ಕೊಲೆಗಡುಕರ ಹಾಗೆ ಕಾಣುವವರೊಂದಿಗೆ ವ್ಯವಹರಿಸಿದ್ದೇನೆ. ಇಂಥ ಹಟಮಾರಿಯನ್ನು ಕಂಡಿರಲಿಲ್ಲ! ಸೊಸೆ ಗಂಡನಿಗೆ ಫೋನ್ ಮಾಡಿದಳು. ಆರ್ಡರ್ ಹಿಡಿಯಲು ಬೇರೆ ಊರಿಗೆ ಹೋಗಿದ್ದವನು. ರಿಂಗಾಯಿತು... ರಿಂಗಾಯಿತು... ನಿಂತಿತು. ಮತ್ತೆ ಮಾಡಿದಳು. ಎತ್ತಲಿಲ್ಲ.

ಡ್ರೈವರ್ ಹಲ್ಲುಕಡ್ಡಿ ಉಗಿದ. “ನಾನು ನಾಲ್ಕನೇದಕ್ಕೆ ಹೊರಟೆ,” ಎಂದು ಗಾಡಿಯ ಕಡೆ ತಿರುಗಿದ.

ಆಗ ಸೊಸೆ ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು. ಕುರ್ಚಿ ಎಳೆದು ಕುಳಿತಳು. ತುದಿಯಲ್ಲಲ್ಲ. ಬೆನ್ನು ಒರಗಿಸಿ. ಕೈ ಮುಂದೆ ಚಾಚಿದಳು.

“ಮಾವ. ನಾನು ಹೇಳ್ತಿದ್ದೀನಿ. ಆಫ್ ಮಾಡಿ.”

ಯಜಮಾನರು ಅವಳನ್ನು ನೋಡಿದರು. ಅಕ್ಕನನ್ನು ನೋಡಿದರು. ಮತ್ತೆ ಅವಳನ್ನು ನೋಡಿದರು. ಕೆಲಸ ಹೋಗುವ ಭಯದಲ್ಲಿ ಪಿಸುಗುಟ್ಟುತ್ತಿದ್ದ ಹುಡುಗಿ ಈಗ ಕಣ್ಣು ಕೆಳಗಿಳಿಸಲಿಲ್ಲ.

“ನೀನು ಹೇಳ್ತಿದ್ದೀಯಾ?”

“ಹೂಂ. ಡಿಸ್ಪ್ಯಾಚ್ ನಂದು.”

ಯಜಮಾನರು ಫೋನನ್ನು ಅವಳ ಅಂಗೈ ಮೇಲಿಟ್ಟರು.

“ಅವನು ಹೇಳಿದ್ರೇನು, ನೀನು ಹೇಳಿದ್ರೇನಮ್ಮ,” ಎಂದರು. “ಇದನ್ನ ಮೊದಲೇ ಹೇಳಬಾರದಿತ್ತಾ? ಮಂಡಿ ನೋವು ಬಂತು.”

ಅವಳು ಹಾಟ್‌ಸ್ಪಾಟ್ ಆರಿಸಿದಳು. ನಾನು ಫೋನಿನಲ್ಲಿದ್ದ ಹೆಸರನ್ನೂ ಅಳಿಸಿ ಬೇರೆ ಹೆಸರಿಟ್ಟೆ. ಪ್ರಿಂಟರನ್ನು ಕೊನೆಯ ಸಲ ಆರಿಸಿ ಹೊತ್ತಿಸಿದೆ. ನೀಲಿ ದೀಪ ಮಿಟುಕಿಸಿತು. ನಿಂತಿತು. ಆಮೇಲೆ ಲೇಬಲ್ಲುಗಳು ಸರ್‌ರ್ ಸರ್‌ರ್ ಎಂದು ನಾಲಿಗೆ ಚಾಚಿದ ಹಾಗೆ ಬರತೊಡಗಿದವು. ಮಾಸ್ತರ ಚಾಕು ಬಿಟ್ಟು ಲೇಬಲ್ ಅಂಟಿಸಲು ಓಡಿದ. ಹೊಲಿಗೆಯವರೂ ಓಡಿದರು. ಡ್ರೈವರನ್ನು ಯಾರು ಹೇಗೆ ನಿಲ್ಲಿಸಿದರೋ ಗೊತ್ತಿಲ್ಲ. ನಾಲ್ಕನೇ ಹಾರ್ನ್ ಕೇಳಿದಾಗ ಲಾರಿ ತುಂಬಿತ್ತು.

ಹೈಕೋರ್ಟು ಕ್ಷಮೆ ಕೇಳಿದರೇ ಎಂದು ಕೇಳುತ್ತೀರಾ? ಹೈಕೋರ್ಟು ಎಲ್ಲಾದರೂ ಕ್ಷಮೆ ಕೇಳುತ್ತದೆಯೇ! ಮೇಜಿನ ಮೇಲಿದ್ದ ಬೀಗದ ಕೈಯನ್ನು ಬೆರಳ ತುದಿಯಿಂದ ಸೊಸೆಯ ಕಡೆಗೆ ತಳ್ಳಿದರು. ಅಷ್ಟೆ. ಆಮೇಲೆ ಪ್ರಿಂಟರಿನಿಂದ ಒಂದು ಲೇಬಲ್ ಕಿತ್ತು ತಮ್ಮನ ಎದೆಯ ಜೇಬಿನ ಮೇಲೆ ಪಟ್ ಎಂದು ಅಂಟಿಸಿದರು. ‘ಈ ಬದಿ ಮೇಲಿರಲಿ. ಬಿಸಿಲಿಗೆ ಇಡಬೇಡಿ.’

“ಮೀಸೆ ಒರೆಸ್ಕೋ,” ಎಂದರು. “ಗೋದಾಮಲ್ಲಿರೋ ಪೊಟ್ಟಣಾನೂ ತಂದುಕೊಡು. ಅದು ಅಲ್ಲಿದೆ ಅಂತ ಗೊತ್ತಾಗಿ ಎಷ್ಟು ಕಾಲ ಆಯ್ತು.”

ಗೇಟಿನವರೆಗೆ ಸೊಸೆ ನನ್ನ ಜೊತೆ ಬಂದಳು.

“ಮೇಡಂ, ಮಾವ ಇನ್ಮೇಲೆ ಕೋಣೆಗೆ ಬರಲ್ವಂತೆ. ಬೇಜಾರಾಗಿದ್ದಾರೆ.”

“ಬರಹೇಳಿ. ಫೋನ್ ಹೊರಗಿಟ್ಟು.”

ಈಗಲೂ ಬರುತ್ತಾರಂತೆ. ಬರಿಗೈಯಲ್ಲಿ, ಕೈಕಟ್ಟಿಕೊಂಡು, ಕುರ್ಚಿಯ ಹಿಂದೆ ನಿಲ್ಲುತ್ತಾರಂತೆ. ಪ್ರಿಂಟರ್ ಒಮ್ಮೆಯೂ ನಿಂತಿಲ್ಲ. ಗಂಡ ಮಾತ್ರ ಆ ಸಂಜೆ ವಾಪಸ್ಸು ಫೋನ್ ಮಾಡಿ, ‘ಅಯ್ಯೋ, ಅದನ್ನ ಇನ್ನೂ ಆಫ್ ಮಾಡಿಲ್ವಾ?’ ಎಂದನಂತೆ. ಅವತ್ತು ಅವನಿಗೆ ಏನಾಯಿತು ಎಂದು ನಾನು ಕೇಳಲಿಲ್ಲ. ಅದು ನನ್ನ ಕೇಸಲ್ಲ.

ಆಯಿತು. ಕತೆ ಮುಗಿಯಿತು. ನಿಮ್ಮ ಪ್ರಿಂಟರ್ ತೋರಿಸಿ. ನೀಲಿ ದೀಪ ಉರಿಯುತ್ತಿದೆ, ಆದರೂ ಕಂಪ್ಯೂಟರಿಗೆ ಸಿಗುತ್ತಿಲ್ಲ, ಅಲ್ಲವೇ? ಹಾಗೇ ಅಂದುಕೊಂಡಿದ್ದೆ.

ಒಂದೇ ಒಂದು ಪ್ರಶ್ನೆ... ಆ ಬಾಗಿಲ ಹತ್ತಿರ ಕೈಕಟ್ಟಿ ನಿಂತು, ಆಗಿನಿಂದ ‘ಆಫ್ ಮಾಡಿ ಆನ್ ಮಾಡಿ’ ಅನ್ನುತ್ತಿರುವ ಹಿರಿಯರು ನಿಮಗೆ ಏನಾಗಬೇಕು?